ಹೆಡ್ ಬಾಗಿದೆಯಾ? ಫೇಸಿಂಗ್‌ಗೆ ಕೊಡುವ ಮುಂಚೆ ಅಳೆದು ನೋಡುವುದು ಹೇಗೆ

ಇಂಜಿನ್ ಹೀಟ್ ಆಯ್ತು, ಹೆಡ್ ಗ್ಯಾಸ್ಕೆಟ್ ಹೋಯ್ತು, ಹೆಡ್ ಬಿಚ್ಚಿ ಸೀದಾ ಲೇತ್‌ಗೆ ಕಳಿಸಿದ್ದಾಯ್ತು. ಎಷ್ಟೋ ಗ್ಯಾರೇಜುಗಳಲ್ಲಿ ನಡೆಯುವುದು ಹೀಗೇ. (ಹೆಡ್ ಅಂದರೆ ಸಿಲಿಂಡರ್‌ಗಳಿರುವ ಬ್ಲಾಕ್ ಮೇಲೆ ಮುಚ್ಚಳದಂತೆ ಕೂರುವ ಭಾಗ, ಗ್ಯಾಸ್ಕೆಟ್ ಅಂದರೆ ಎರಡರ ನಡುವಿನ ಸೀಲ್, ಫೇಸಿಂಗ್ ಅಂದರೆ ಹೆಡ್‌ನ ಅಡಿಯನ್ನು ಮಶೀನ್‌ನಲ್ಲಿ ತೆಳುವಾಗಿ ಕತ್ತರಿಸಿ ಮಟ್ಟ ಮಾಡುವುದು.) ನಡುವೆ ಅಳತೆ ಅನ್ನುವುದೇ ಇಲ್ಲ. ಸಂಜೆ ಹೆಡ್ ಫಳಫಳ ಹೊಳೆಯುತ್ತಾ ವಾಪಸ್ ಬರುತ್ತದೆ, ಎಲ್ಲರಿಗೂ ಸಮಾಧಾನ.

ಆದರೆ ಫೇಸಿಂಗ್ ಮಾಡಿದರೆ ಮಟ್ಟ ಆಗುವುದು ಹೆಡ್‌ನ ಅಡಿ ಮಾತ್ರ. ಮೇಲೆ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಕೂರುವ ಜಾಗ ಬಾಗಿದ್ದರೆ ಅದು ಬಾಗಿದ ಹಾಗೇ ಉಳಿಯುತ್ತದೆ. ಎರಡು ವಾಲ್ವ್ ನಡುವೆ ಬಿರುಕು ಇದ್ದರೆ ಅದೂ ಉಳಿಯುತ್ತದೆ. ಬ್ಲಾಕ್ ಮೇಲ್ಮೈ ಕೆಟ್ಟಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಸ್ವಲ್ಪ ದಿನದಲ್ಲಿ ಹೋಗುತ್ತದೆ. ಒಮ್ಮೆ ತೆಗೆದ ಲೋಹವನ್ನು ಮತ್ತೆ ಹಾಕಲು ಆಗುವುದಿಲ್ಲ, ಹಾಗಾಗಿ ಕೊಡುವ ಮುಂಚೆ ನಾಲ್ಕು ವಿಷಯ ಗೊತ್ತಿರಬೇಕು. ಎಷ್ಟು ಬಾಗಿದೆ, ಯಾವ ಥರ ಬಾಗಿದೆ, ತೆಗೆಯಲು ಇನ್ನೆಷ್ಟು ಲೋಹ ಉಳಿದಿದೆ, ಮತ್ತು ಹೆಡ್ ಬೇರೆ ರೀತಿಯಲ್ಲಿ ಸರಿ ಇದೆಯಾ.

ಉದಾಹರಣೆಗೆ ನಾನು ಹಳೆಯ ಕಾರ್ಬ್ಯುರೇಟರ್ ಮಾರುತಿ 800 ಮತ್ತು ಓಮ್ನಿಯ ಇಂಜಿನ್ ತೆಗೆದುಕೊಳ್ಳುತ್ತೇನೆ. ಎಫ್8ಬಿ ಅಂತ ಅದರ ಹೆಸರು. 796 ಸಿಸಿ, 3 ಸಿಲಿಂಡರ್, ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ತಲೆಯ ಮೇಲೆ ಒಂದೇ ಕ್ಯಾಮ್, ಅದನ್ನು ತಿರುಗಿಸಲು ಹಲ್ಲಿನ ಬೆಲ್ಟ್. 800 ಬರುವುದು 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಆದರೂ ಊರುಗಳಲ್ಲಿ ಓಮ್ನಿ ಇನ್ನೂ ತರಕಾರಿ ಹೊರುತ್ತಿದೆ, ಸ್ಕೂಲ್ ಮಕ್ಕಳನ್ನು ಹೊರುತ್ತಿದೆ. ಕಲಿಯಲು ಇದಕ್ಕಿಂತ ಸುಲಭದ ಹೆಡ್ ಇಲ್ಲ, ಒಬ್ಬರೇ ಎತ್ತಬಹುದು. ಬೇರೆ ಗಾಡಿಗೂ ವಿಧಾನ ಇದೇ, ಮಿತಿಯ ಅಂಕಿ ಮಾತ್ರ ಆಯಾ ಇಂಜಿನ್‌ನ ಸರ್ವೀಸ್ ಮ್ಯಾನ್ಯುಯಲ್‌ನಿಂದ ತೆಗೆದುಕೊಳ್ಳಿ.

ಬಾಗುವುದು ಯಾಕೆ

ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 300 ಮಿ.ಮೀ. ಉದ್ದದ ಹೆಡ್ 80 ಡಿಗ್ರಿ ಬಿಸಿ ಏರಿದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅದರ ಕೆಳಗಿನ ಕಬ್ಬಿಣದ ಬ್ಲಾಕ್ ಕಾಲು ಮಿ.ಮೀ. ಆಸುಪಾಸು. ಇಷ್ಟನ್ನು ಇಂಜಿನ್ ದಿನವೂ ತಡೆದುಕೊಳ್ಳುತ್ತದೆ, ಗ್ಯಾಸ್ಕೆಟ್ ಇರುವುದೇ ಅದಕ್ಕೆ. ನೀರು ಖಾಲಿಯಾಗಿ ಬಿಸಿ ಮಿತಿ ಮೀರಿದಾಗ ಕಥೆ ಬೇರೆ. ಹೆಡ್ ಉದ್ದಕ್ಕೆ ಹಿಗ್ಗಬೇಕು, ಆದರೆ ಎರಡೂ ತುದಿಯಲ್ಲಿ ಬೋಲ್ಟ್ ಹಿಡಿದಿದೆ. ಜಾಗ ಸಿಗದೆ ಮಧ್ಯದಲ್ಲಿ ಮೇಲಕ್ಕೆ ಉಬ್ಬುತ್ತದೆ, ಬಿಸಿಗೆ ಮೆತ್ತಗಾದ ಲೋಹ ಅಲ್ಲೇ ಮಣಿಯುತ್ತದೆ, ಆರಿದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಹೀಟ್ ಆದ ಅಲ್ಯೂಮಿನಿಯಂ ಹೆಡ್ ತಿರುವಿ ನೋಡಿದರೆ ಸಾಮಾನ್ಯವಾಗಿ ಅಡಿಯ ಮಧ್ಯಭಾಗ ತಗ್ಗಾಗಿರುತ್ತದೆ.

ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಹತ್ತುವಾಗ ಹೀಟ್ ಆದ ಗಾಡಿಯ ಡ್ರೈವರ್ "ಮುಳ್ಳು ಮೇಲೆ ಹೋಗಲೇ ಇಲ್ಲ ಸಾರ್" ಅಂದರೆ ಸುಳ್ಳು ಅಂತ ತಿಳಿಯಬೇಡಿ. ಸೆನ್ಸರ್ ಸುತ್ತ ನೀರೇ ಇಲ್ಲದಿದ್ದರೆ ಅದು ಅಳೆಯುವುದು ಗಾಳಿ, ಹಬೆಯನ್ನು. ಮುಳ್ಳು ಕೆಳಗೇ ಇರುತ್ತದೆ, ಹೆಡ್ ಬೇಯುತ್ತಿರುತ್ತದೆ.

ಬಿಚ್ಚುವಾಗಲೇ ಶುರು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೈಗೆ ಬೆಚ್ಚಗಿದ್ದರೂ ಬೇಡ, ರಾತ್ರಿ ಬಿಟ್ಟು ಬೆಳಗ್ಗೆ ಬಿಚ್ಚಿ. ಬಿಸಿ ಹೆಡ್‌ನ ಬೋಲ್ಟ್ ಸಡಿಲಿಸಿದರೆ ನೆಟ್ಟಗಿದ್ದದ್ದೂ ಬಾಗಬಹುದು. ಬಿಗಿ ಮಾಡುವಾಗ ಮಧ್ಯದಿಂದ ಹೊರಕ್ಕೆ ಹೋಗುತ್ತೇವೆ ಅಲ್ವಾ, ಬಿಚ್ಚುವಾಗ ಅದರ ಉಲ್ಟಾ: ತುದಿಯ ಬೋಲ್ಟ್‌ಗಳಿಂದ ಮಧ್ಯಕ್ಕೆ. ಒಂದೇ ಸಲಕ್ಕೆ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಕಾಲು ಸುತ್ತು, ಆಮೇಲೆ ಅರ್ಧ ಸುತ್ತು, ಹೀಗೆ ಎರಡು ಮೂರು ಸಲ ಸುತ್ತಿ ಬನ್ನಿ.

ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವವರು ಇದ್ದಾರೆ. ಅಲ್ಲಿ ಬೀಳುವ ಗೀರಿನಿಂದಲೇ ಫೇಸಿಂಗ್ ಖರ್ಚು ಹುಟ್ಟುತ್ತದೆ. ಮರದ ತುಂಡು ಇಟ್ಟು ಪಕ್ಕದಿಂದ ತಟ್ಟಿ, ಸಾಕು.

ಹಳೆ ಗ್ಯಾಸ್ಕೆಟ್ ಎಸೆಯಬೇಡಿ. ಯಾವ ಮುಖ ಮೇಲೆ, ಯಾವ ತುದಿ ಬೆಲ್ಟ್ ಕಡೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ ಗೋಡೆಗೆ ನೇತುಹಾಕಿ. ಸಿಲಿಂಡರ್ ಸುತ್ತಲಿನ ಲೋಹದ ಬಳೆಯ ಮೇಲೆ ಕಪ್ಪು ಗೆರೆ ಅಡ್ಡ ಹಾದಿದ್ದರೆ ಗ್ಯಾಸ್ ಓಡಿದ್ದು ಅಲ್ಲೇ. ಪಿಸ್ಟನ್ ತಲೆಗಳನ್ನೂ ನೋಡಿ. ಎರಡು ಕರಿ ಇದ್ದು ಒಂದು ಮಾತ್ರ ತೊಳೆದ ಹಾಗೆ ಸ್ವಚ್ಛವಾಗಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿತ್ತು, ಹಬೆ ಕಾರ್ಬನ್ ಕಿತ್ತು ಹಾಕಿದೆ ಅಂತ ಅರ್ಥ. ಮುಂದೆ ನಿಮ್ಮ ಅಳತೆ ಈ ಗುರುತುಗಳಿಗೆ ತಾಳೆ ಆಗಬೇಕು. ಆಗದಿದ್ದರೆ ಬಿರುಕಿನ ಕಡೆ ಅನುಮಾನ ತಿರುಗಬೇಕು.

ಏನೇನು ಬೇಕು

ಒಂದು ಸ್ಟ್ರೈಟ್ ಎಡ್ಜ್ (ಅಂಚು ಪೂರ್ತಿ ನೆಟ್ಟಗಿರುವ ಸ್ಟೀಲ್ ಪಟ್ಟಿ), ಒಂದು ಫಿಲ್ಲರ್ ಗೇಜ್ (ಸಂದಿ ಅಳೆಯಲು ಬೇರೆ ಬೇರೆ ದಪ್ಪದ ತೆಳು ಸ್ಟೀಲ್ ಎಲೆಗಳ ಸೆಟ್), ದಪ್ಪ ಮತ್ತು ಎತ್ತರ ಅಳೆಯಲು ಒಂದು ವರ್ನಿಯರ್ ಅಥವಾ ಮೈಕ್ರೋಮೀಟರ್, ಟಾರ್ಚ್, ಪೇಪರ್, ಪೆನ್ನು.

ಸ್ಟ್ರೈಟ್ ಎಡ್ಜ್ ವಿಷಯದಲ್ಲಿ ಜುಗ್ಗತನ ಬೇಡ. ಸ್ಟೇಷನರಿ ಅಂಗಡಿಯ ಸ್ಟೀಲ್ ಸ್ಕೇಲ್ ನಡೆಯುವುದಿಲ್ಲ, ಕೈ ಒತ್ತಿದ ಕಡೆ ಬಾಗುತ್ತದೆ. ಕಿಟಕಿ ಮಾಡುವವರ ಅಲ್ಯೂಮಿನಿಯಂ ಪಟ್ಟಿ ಕಣ್ಣಿಗೆ ನೆಟ್ಟಗಿದ್ದರೂ ಅಳತೆಗೆ ನೆಟ್ಟಗಿರುವುದಿಲ್ಲ. ಗ್ರೈಂಡ್ ಮಾಡಿದ, ದಪ್ಪ ಸ್ಟೀಲ್‌ನ ಇಂಜಿನಿಯರಿಂಗ್ ಸ್ಟ್ರೈಟ್ ಎಡ್ಜ್ ಬೇಕು. ಹೆಡ್‌ನ ಮೂಲೆಯಿಂದ ಮೂಲೆಗೆ ಇಟ್ಟರೂ ಎರಡು ಕಡೆ ಸ್ವಲ್ಪ ಹೊರಗೆ ಉಳಿಯುವಷ್ಟು ಉದ್ದ ಇರಲಿ. 3 ಸಿಲಿಂಡರ್ ಹೆಡ್‌ಗೆ 450 ಮಿ.ಮೀ. ಧಾರಾಳ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ಪರಿಚಯದ ಲೇತ್‌ನವರ ಹತ್ತಿರ ಒಂದು ಗಂಟೆಗೆ ಇಸ್ಕೊಳ್ಳಿ.

ಇಸ್ಕೊಂಡದ್ದಾಗಲಿ ಕೊಂಡದ್ದಾಗಲಿ, ಮೊದಲು ಅದನ್ನೇ ಪರೀಕ್ಷಿಸಿ. 12 ಮಿ.ಮೀ. ದಪ್ಪದ ಗಾಜನ್ನು ಗಟ್ಟಿ ಟೇಬಲ್ ಮೇಲೆ ಇಟ್ಟು, ಅದರ ಮೇಲೆ ಪಟ್ಟಿ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಆಮೇಲೆ ಪಟ್ಟಿಯ ಎರಡು ತುದಿ ಅದಲು ಬದಲು ಮಾಡಿ ಮತ್ತೆ ನೋಡಿ. ಬೆಳಕಿನ ಗೆರೆ ಪಟ್ಟಿಯ ಜೊತೆ ತಿರುಗಿದರೆ ತಪ್ಪು ಪಟ್ಟಿಯದು. ಅಲ್ಲೇ ನಿಂತರೆ ಗಾಜಿನದು. ತಗ್ಗು ಸರಿಯಾಗಿ ಮಧ್ಯದಲ್ಲೇ ಇದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಆಗ ಇನ್ನೊಂದು ಪಟ್ಟಿಗೆ ಎದುರುಬದುರು ಹಿಡಿದು ನೋಡಬೇಕು.

ಫಿಲ್ಲರ್ ಗೇಜ್‌ನಲ್ಲಿ 0.03, 0.04, 0.05 ಮಿ.ಮೀ. ಎಲೆಗಳು ಇರುವ ಸೆಟ್ ಹುಡುಕಿ. ಕಡಿಮೆ ಬೆಲೆಯ ಸೆಟ್‌ಗಳಲ್ಲಿ 0.05ರಿಂದ ಶುರುವಾಗುವುದೂ ಉಂಟು, ಅದರಲ್ಲೂ ಆ ತೆಳು ಎಲೆ ಮೊದಲೇ ಮಡಚಿ ಸುಕ್ಕಾಗಿರುತ್ತದೆ. ಸುಕ್ಕಾದ ಎಲೆ ದಪ್ಪ ತೋರಿಸುತ್ತದೆ, ಹೆಡ್ ಚೆನ್ನಾಗಿದೆ ಅಂತ ನಿಮಗೆ ಸುಳ್ಳು ಹೇಳುತ್ತದೆ. ಹಳೆ ಲೇತ್‌ಗಳಲ್ಲಿ ಇನ್ನೂ ಥೌ (ಇಂಚಿನ ಸಾವಿರದ ಒಂದು ಭಾಗ) ಲೆಕ್ಕ ನಡೆಯುತ್ತದೆ. 1 ಥೌ ಅಂದರೆ 0.025 ಮಿ.ಮೀ. ಅಂತ ನೆನಪಿಟ್ಟುಕೊಳ್ಳಿ, 2 ಥೌ ಅಂದಾಗ 0.05 ಅಂತ ತಲೆಗೆ ಹೊಳೆಯಬೇಕು.

ಶುಚಿ ಮಾಡುವುದು: ಇಲ್ಲಿ ಆತುರ ಬೇಡ

ಅಂಟಿದ ಗ್ಯಾಸ್ಕೆಟ್ ಚೂರು ಒಂದೇ ಒಂದು ಉಳಿದರೂ ನಿಮ್ಮ ಅಳತೆ ಸುಳ್ಳು. ನಾವು ಹುಡುಕುತ್ತಿರುವುದು 0.05 ಮಿ.ಮೀ., ಅಂದರೆ ಸಾಮಾನ್ಯ ತಲೆಕೂದಲಿನಷ್ಟು ಅಂತರ.

ಪ್ಲಾಸ್ಟಿಕ್ ಅಥವಾ ಗಟ್ಟಿ ಮರದ ಸ್ಕ್ರೇಪರ್, ತಿನ್ನರ್ ಅಥವಾ ಗ್ಯಾಸ್ಕೆಟ್ ರಿಮೂವರ್, ಬನಿಯನ್ ವೇಸ್ಟ್, ಮತ್ತು ತಾಳ್ಮೆ. ಗಾಡಿ ತುಂಬಾ ಹಳೆಯದಾದರೆ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣಗಿದ್ದನ್ನು ಕೆರೆದು ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿಕೊಂಡೇ ಕೆರೆಯಿರಿ.

ಎರಡು ಕೆಲಸ ಮಾತ್ರ ಬೇಡವೇ ಬೇಡ. ಒಂದು, ಡ್ರಿಲ್‌ಗೆ ಉಜ್ಜುವ ಡಿಸ್ಕ್ ಹಾಕಿ ಅಲ್ಯೂಮಿನಿಯಂ ಮೇಲೆ ಓಡಿಸುವುದು. ಕೆಲಸ ಬೇಗ ಆಗುತ್ತದೆ ನಿಜ, ಆದರೆ ಡಿಸ್ಕ್ ನಿಂತ ಕಡೆಯೆಲ್ಲ ಹಳ್ಳ ಬೀಳುತ್ತದೆ. ಅದರ ಪುಡಿ ಆಯಿಲ್ ದಾರಿಗೆ ಸೇರಿದರೆ ಬೇರಿಂಗ್ ಕೂಡ ಹೋಗುತ್ತದೆ. ಇನ್ನೊಂದು, ಕಾಸ್ಟಿಕ್ ಸೋಡಾ. ಕಬ್ಬಿಣದ ಭಾಗಗಳನ್ನು ಕಾಸ್ಟಿಕ್ ನೀರಲ್ಲಿ ಕುದಿಸುವ ಡ್ರಮ್ ಕೆಲವು ಕಡೆ ಇರುತ್ತದೆ. ಅಲ್ಯೂಮಿನಿಯಂ ಹೆಡ್ ಅದರಲ್ಲಿ ಇಳಿಸಿದರೆ ಕಾಸ್ಟಿಕ್ ಲೋಹವನ್ನೇ ತಿನ್ನುತ್ತದೆ, ಗುಳ್ಳೆಯಾಗಿ ಹೊರಬರುವ ಹೈಡ್ರೋಜನ್ ಬೆಂಕಿ ಹಿಡಿಯುವ ಗ್ಯಾಸ್ ಬೇರೆ.

ಕೊಳೆ ಹೋದ ಮೇಲೆ ಬೆರಳ ತುದಿಯನ್ನು ನಿಧಾನವಾಗಿ ಎಲ್ಲ ಬೋಲ್ಟ್ ತೂತುಗಳ ಅಂಚಿಗೆ ಓಡಿಸಿ. ಎಲ್ಲಾದರೂ ಚುಚ್ಚಿದರೆ ಅಲ್ಲಿ ಲೋಹ ಎದ್ದಿದೆ. ಎಣ್ಣೆಕಲ್ಲು ಮಟ್ಟವಾಗಿ ಇಟ್ಟು ಎರಡು ಸಲ ತೀಡಿ, ಎದ್ದದ್ದು ಮಾತ್ರ ಹೋಗಬೇಕು. ಡವೆಲ್ ಪಿನ್ (ಹೆಡ್ ಸರಿಯಾದ ಜಾಗಕ್ಕೆ ಕೂರಲು ಇರುವ ಸಣ್ಣ ಗೂಟ) ಹೆಡ್‌ನಲ್ಲೇ ಸಿಕ್ಕಿಕೊಂಡಿದ್ದರೆ ತೆಗೆದಿಡಿ.

ಅಳತೆ

ಹೆಡ್ ಅನ್ನು ಬೆಂಚ್ ಮೇಲೆ ಎರಡು ಮರದ ತುಂಡಿನ ಮೇಲೆ, ಅಡಿ ಮೇಲಾಗಿ ಇಡಿ. ವೈಸ್‌ಗೆ ಹಾಕಿ ಬಿಗಿಯಬೇಡಿ, ಬಿಗಿದರೆ ನೀವೇ ಬಾಗಿಸಿದ ಹಾಗೆ. ತೊಳೆದು ಬಿಸಿಲಿಗೆ ಇಟ್ಟಿದ್ದರೆ ನೆರಳಲ್ಲಿ ಒಂದೆರಡು ಗಂಟೆ ಬಿಟ್ಟು, ಹೆಡ್ ಮತ್ತು ಸ್ಟ್ರೈಟ್ ಎಡ್ಜ್ ಎರಡೂ ಒಂದೇ ಬಿಸಿಗೆ ಬಂದ ಮೇಲೆ ಶುರು ಮಾಡಿ. ಕ್ಯಾಮ್ ಇನ್ನೂ ಒಳಗಿದ್ದರೆ ತೆರೆದಿರುವ ವಾಲ್ವ್ ತಲೆ ಮೇಲೆದ್ದು ಪಟ್ಟಿಗೆ ತಾಗಬಹುದು, ರಾಕರ್‌ಗಳನ್ನು (ಕ್ಯಾಮ್ ತಳ್ಳಿದಾಗ ವಾಲ್ವ್ ಒತ್ತುವ ತೋಳುಗಳು) ಬಿಚ್ಚಿಬಿಟ್ಟರೆ ಆ ತಕರಾರು ಇರುವುದಿಲ್ಲ.

ಪೇಪರ್ ಮೇಲೆ ಹೆಡ್‌ನ ಆಕಾರ ಬರೆದುಕೊಳ್ಳಿ, ಮೂರು ಸಿಲಿಂಡರ್, ಬೆಲ್ಟ್ ಕಡೆ, ಡಿಸ್ಟ್ರಿಬ್ಯೂಟರ್ ಕಡೆ, ಇನ್‌ಟೇಕ್, ಎಕ್ಸಾಸ್ಟ್. ಈಗ ಸ್ಟ್ರೈಟ್ ಎಡ್ಜ್ ಇಡಬೇಕಾದ ಜಾಗಗಳು: ಉದ್ದಕ್ಕೆ ಮೂರು (ಇನ್‌ಟೇಕ್ ಅಂಚು, ಎಕ್ಸಾಸ್ಟ್ ಅಂಚು, ನಟ್ಟನಡುವೆ), ಮೂಲೆಯಿಂದ ಮೂಲೆಗೆ ಎರಡು, ಅಡ್ಡಕ್ಕೆ ನಾಲ್ಕು. ಅಡ್ಡದಲ್ಲಿ ಎರಡು ತುದಿಗಳದ್ದು, ಇನ್ನೆರಡು ಸಿಲಿಂಡರ್‌ಗಳ ನಡುವಿನ ಸೇತುವೆಯ ಮೇಲೆ. ಆ ಸೇತುವೆ ಬಿಡಬೇಡಿ, ಗ್ಯಾಸ್ಕೆಟ್ ಮೊದಲು ಸೋಲುವುದು ಅಲ್ಲೇ.

ಪಟ್ಟಿಯನ್ನು ಅದರ ತೆಳು ಅಂಚಿನ ಮೇಲೆ ನಿಲ್ಲಿಸಿ, ಒತ್ತಬೇಡಿ, ಬೀಳದ ಹಾಗೆ ಹಿಡಿದರೆ ಸಾಕು. ಹಿಂದಿನಿಂದ ಟಾರ್ಚ್ ಬಿಟ್ಟು ಮೊದಲು ಬೆಳಕು ನೋಡಿ. ಬೆಳಕು ಕಂಡ ತಕ್ಷಣ ಹೆದರಬೇಡಿ, ಅದು ತುಂಬಾ ಸಣ್ಣ ಸಂದಿಯಲ್ಲೂ ನುಸುಳುತ್ತದೆ. ಬೆಳಕಿನ ಕೆಲಸ ಎಲ್ಲಿ ಅಂತ ತೋರಿಸುವುದು, ಎಷ್ಟು ಅಂತ ಹೇಳುವುದು ಫಿಲ್ಲರ್ ಗೇಜ್.

0.03 ಎಲೆಯಿಂದ ಶುರು ಮಾಡಿ. 40–50 ಮಿ.ಮೀ.ಗೆ ಒಂದರಂತೆ ಸಾಲಿನುದ್ದಕ್ಕೂ ತೂರಿಸಿ ನೋಡಿ. ಎಲೆ ಒಳಗೆ ಹೋಗಿ, ಎಳೆದಾಗ ಬೆರಳಿಗೆ ಸ್ವಲ್ಪ ಹಿಡಿತ ಸಿಕ್ಕರೆ ಅದೇ ಅಳತೆ. ಸಲೀಸಾಗಿ ಓಡಾಡಿದರೆ ಒಂದು ಸೈಜ್ ಮೇಲೆ ಹೋಗಿ. ತಳ್ಳಿ ತೂರಿಸಬೇಡಿ. ತಳ್ಳಿದರೆ ಪಟ್ಟಿಯೇ ಮೇಲೇಳುತ್ತದೆ, ಇಲ್ಲದ ಸಂದು ಇದ್ದ ಹಾಗೆ ಕಾಣುತ್ತದೆ. ನಟ್ಟನಡುವಿನ ಸಾಲಿನಲ್ಲಿ ಕಂಬಶ್ಚನ್ ಚೇಂಬರ್ ಬಾಯಿ ಬರುತ್ತದೆ ಅಲ್ವಾ, ಅಲ್ಲಿ ಅಳೆಯಲು ಏನೂ ಇಲ್ಲ. ಸೇತುವೆಗಳ ಮೇಲೆ ಮಾತ್ರ ನೋಡಿ.

ಸಿಕ್ಕ ಅಂಕಿಯನ್ನು ಆಗಲೇ ಚಿತ್ರದ ಮೇಲೆ ಬರೆಯಿರಿ.

ಕೆಲವೊಮ್ಮೆ ಪಟ್ಟಿ ಇಟ್ಟ ಕೂಡಲೇ ಎರಡೂ ಕಡೆ ತೂಗಾಡುತ್ತದೆ. ಅಂದರೆ ಮಧ್ಯ ಉಬ್ಬಿದೆ. ಆಗ ಒಂದು ತುದಿ ಒತ್ತಿ ಇನ್ನೊಂದು ತುದಿ ಅಳೆದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಇದೆ. ಎರಡು ಫಿಲ್ಲರ್ ಸೆಟ್ ತೆಗೆದುಕೊಂಡು ಪಟ್ಟಿಯ ಎರಡೂ ತುದಿಯ ಕೆಳಗೆ 0.10 ಎಲೆ ಇಡಿ. ಈಗ ಪಟ್ಟಿ ತೂಗಾಡದೆ ನಿಲ್ಲುತ್ತದೆ. ಮಧ್ಯದಲ್ಲಿ 0.10 ಹಿಡಿತದಲ್ಲಿ ಹೋದರೆ ಮಟ್ಟ. 0.06 ಮಾತ್ರ ಹೋದರೆ ಮಧ್ಯ 0.04 ಉಬ್ಬಿದೆ. 0.13 ಹೋದರೆ 0.03 ತಗ್ಗಿದೆ. ಇನ್ನೂ ತೂಗಾಡಿದರೆ ತುದಿಗಳಿಗೆ 0.20 ಹಾಕಿ ಅದೇ ಲೆಕ್ಕ ಮಾಡಿ.

ಅಂಕಿಗಳು ಏನು ಹೇಳುತ್ತವೆ

ಮಾರುತಿ 800ರ ಈ ಹೆಡ್‌ಗೆ ಗ್ಯಾಸ್ಕೆಟ್ ಕೂರುವ ಮುಖದ ಮಿತಿ 0.05 ಮಿ.ಮೀ. ಬೇರೆ ಕಾರುಗಳ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.10ರ ಒಳಗೆ ಇರುತ್ತದೆ. ಮ್ಯಾನಿಫೋಲ್ಡ್ (ಇನ್‌ಟೇಕ್, ಎಕ್ಸಾಸ್ಟ್ ಪೈಪುಗಳ ಜೋಡಣೆ) ಕೂರುವ ಪಕ್ಕದ ಮುಖಗಳಿಗೆ ಸ್ವಲ್ಪ ರಿಯಾಯಿತಿ, ಈ ಹೆಡ್‌ಗೆ 0.10. ಅವನ್ನೂ ಇದೇ ಪಟ್ಟಿಯಲ್ಲಿ ನೋಡಿ, ಬಹಳ ಜನ ಮರೆಯುತ್ತಾರೆ.

ಆದರೆ ಅತಿ ದೊಡ್ಡ ಅಂಕಿ ಒಂದನ್ನೇ ಹಿಡಿದು ಕೂರಬೇಡಿ, ಚಿತ್ರ ಪೂರ್ತಿ ನೋಡಿ. ಉದಾಹರಣೆಗೆ ಇನ್‌ಟೇಕ್ ಅಂಚಿನ ಮಧ್ಯೆ 0.06, ಎಕ್ಸಾಸ್ಟ್ ಅಂಚಲ್ಲಿ 0.09, ನಡುವೆ 0.10, ಮೂಲೆ ಸಾಲುಗಳಲ್ಲಿ 0.08 ಮತ್ತು 0.09, ಅಡ್ಡಕ್ಕೆ ಎಲ್ಲೂ 0.02 ದಾಟಿಲ್ಲ ಅಂತ ಇಟ್ಟುಕೊಳ್ಳಿ. ಇದು ಉದ್ದಕ್ಕೆ ಬಿಲ್ಲಿನಂತೆ ಬಾಗಿದ ಹೆಡ್. ಮಾಮೂಲಿ ಕೇಸ್. ಮಟ್ಟ ಮಾಡಲು 0.10 ತೆಗೆಯಬೇಕು, ಮಶೀನ್ ಹೊಂದಿಸುವಾಗ ಇನ್ನೊಂದೆರಡು ನೂರನೇ ಮಿ.ಮೀ. ಹೋಗುತ್ತದೆ, ಒಟ್ಟು 0.12–0.13.

ಇನ್ನೊಂದು ಥರ. ಒಂದು ಮೂಲೆ ಸಾಲಿನಲ್ಲಿ ಮಧ್ಯೆ 0.08 ಸಂದು, ಇನ್ನೊಂದು ಮೂಲೆ ಸಾಲಿನಲ್ಲಿ ಪಟ್ಟಿ ತೂಗಾಡುತ್ತದೆ, ಅಂಚುಗಳು ಮಾತ್ರ ಸುಮಾರಾಗಿ ಚೆನ್ನಾಗಿವೆ. ಇದು ತಿರುಚಿದ ಹೆಡ್. ಅಂಚು ಮಾತ್ರ ಅಳೆದು ಬಿಟ್ಟವರಿಗೆ ಇದು ಸಿಗುವುದೇ ಇಲ್ಲ. ಇದನ್ನು ಮಟ್ಟ ಮಾಡಲು ಅಂಕಿ ತೋರಿಸುವುದಕ್ಕಿಂತ ಜಾಸ್ತಿ ಲೋಹ ಹೋಗುತ್ತದೆ, ಯಾಕೆಂದರೆ ತಗ್ಗಿದ ಮೂಲೆಗಳು ಮಟ್ಟಕ್ಕೆ ಬರುವಷ್ಟರಲ್ಲಿ ಎದ್ದ ಮೂಲೆಗಳಿಂದ ತುಂಬಾ ಲೋಹ ಹೋಗಿರುತ್ತದೆ.

ಮೂರನೆಯದು ಬಾಗಿದ್ದೇ ಅಲ್ಲ, ತಿಂದದ್ದು. ಉದ್ದಕ್ಕೆ ಎಲ್ಲ 0.03ರ ಒಳಗಿದೆ, ಆದರೆ ಒಂದು ನೀರಿನ ತೂತಿನ ಅಂಚಿನಲ್ಲಿ ಹಳ್ಳ. ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಹೆಡ್‌ಗಳಲ್ಲಿ ಇದು ಸಾಮಾನ್ಯ. ಹಳ್ಳ ಸಿಲಿಂಡರ್ ಬಳೆ ಕೂರುವ ಜಾಗಕ್ಕೆ ತಲುಪಿದ್ದರೆ ಅದನ್ನು ಬಿಡುವ ಹಾಗಿಲ್ಲ. ಆಳ 0.30 ಇದ್ದರೆ ಅದಕ್ಕಾಗಿ ಇಡೀ ಹೆಡ್ 0.30 ತೆಗೆಯುವುದು ದಡ್ಡತನ. ಅಲ್ಲಿ ಆರ್ಗಾನ್ ವೆಲ್ಡಿಂಗ್‌ನಲ್ಲಿ ತುಂಬಿಸಿ, ಆಮೇಲೆ ತೆಳುವಾಗಿ ಫೇಸಿಂಗ್ ಮಾಡಿಸುವುದು ಲೇಸು.

ಇನ್ನೆಷ್ಟು ತೆಗೆಯಬಹುದು

ಈಗ ಹೆಡ್‌ನ ಎತ್ತರ. ನಾಲ್ಕು ಮೂಲೆಯಲ್ಲೂ ಅಡಿ ಮುಖದಿಂದ ಮೇಲಿನ ಕವರ್ ಕೂರುವ ಮುಖದವರೆಗೆ ಅಳೆಯಿರಿ. ಮ್ಯಾನ್ಯುಯಲ್‌ನಲ್ಲಿ ಹೊಸ ಹೆಡ್‌ನ ಎತ್ತರ ಅಥವಾ ಕನಿಷ್ಠ ಎತ್ತರ ಕೊಟ್ಟಿದ್ದರೆ ಹೋಲಿಸಿ. ನಾಲ್ಕು ಮೂಲೆ ನಾಲ್ಕು ಥರ ಬಂದರೆ ಹಿಂದೆ ಯಾರೋ ಓರೆಯಾಗಿ ಫೇಸಿಂಗ್ ಮಾಡಿದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದನ್ನು ನೋಡಲೇಬೇಕು, "ಹೆಡ್ ಬಿಚ್ಚೇ ಇಲ್ಲ" ಅನ್ನುವ ಮಾತಿಗೆ ವರ್ನಿಯರ್ ಒಪ್ಪಬೇಕು.

ಪೆಟ್ರೋಲ್ ಇಂಜಿನ್‌ನಲ್ಲಿ ಸ್ವಲ್ಪ ತೆಗೆದರೆ ಆಕಾಶವೇನೂ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಎಫ್8ಬಿಯ ಬೋರ್ 68.5, ಸ್ಟ್ರೋಕ್ 72 ಮಿ.ಮೀ., ಒಂದು ಸಿಲಿಂಡರ್‌ಗೆ ಸುಮಾರು 265 ಸಿಸಿ. ಕಂಪ್ರೆಷನ್ 8.7 ಅಂತ ಹಿಡಿದರೆ ಪಿಸ್ಟನ್ ಮೇಲಿನ ಜಾಗ ಸುಮಾರು 34.5 ಸಿಸಿ. 0.20 ಮಿ.ಮೀ. ತೆಗೆದರೆ ಅದರಲ್ಲಿ ಹೆಚ್ಚೆಂದರೆ 0.7 ಸಿಸಿ ಕಡಿಮೆಯಾಗುತ್ತದೆ, ಕಂಪ್ರೆಷನ್ 8.9ರ ಹತ್ತಿರ ಬರುತ್ತದೆ. ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಹಿಂದೆ ಒಮ್ಮೆ 0.30 ಹೋಗಿ, ಈಗ ಮತ್ತೆ 0.20 ಹೋದರೆ ವಾಲ್ವ್ ಮತ್ತು ಪಿಸ್ಟನ್ ಅಂತರ, ಬೆಲ್ಟ್ ಟೈಮಿಂಗ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾದಷ್ಟೂ ವಾಲ್ವ್ ಟೈಮಿಂಗ್ ಸ್ವಲ್ಪ ಜರುಗುತ್ತದೆ.

ಡೀಸೆಲ್ ಹೆಡ್‌ಗೆ ಈ ಧೈರ್ಯ ಬೇಡ. ಅಲ್ಲಿ ಪಿಸ್ಟನ್ ಹೆಡ್‌ಗೆ ತೀರ ಹತ್ತಿರ ಬರುತ್ತದೆ, ಅದಕ್ಕೇ ಗ್ಯಾಸ್ಕೆಟ್‌ಗಳು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ, ಅಂಚಿನ ಕಚ್ಚು ಅಥವಾ ತೂತು ಎಣಿಸಿ ದಪ್ಪ ಗುರುತಿಸುತ್ತಾರೆ. ಕೆಲವು ಕಂಪನಿಗಳು ಡೀಸೆಲ್ ಹೆಡ್ ಫೇಸಿಂಗ್ ಮಾಡಲೇಬಾರದು, ಬದಲಾಯಿಸಿ ಅನ್ನುತ್ತವೆ. ಫೋಕ್ಸ್‌ವ್ಯಾಗನ್‌ನ ಟಿಡಿಐ ಇಂಜಿನ್‌ಗಳು ಅಂಥವು.

ಮೇಲ್ಗಡೆ ಮರೆಯಬೇಡಿ: ಕ್ಯಾಮ್ ಲೈನ್

ಅಡಿ ಬಿಲ್ಲಿನಂತೆ ಬಾಗಿದೆ ಅಂದರೆ ಇಡೀ ಹೆಡ್ ಬಾಗಿದೆ. ಕ್ಯಾಮ್ ಕೂರುವ ತೂತುಗಳೂ ಅದೇ ಬಿಲ್ಲಿನ ಮೇಲಿವೆ. ಅಡಿ ಕತ್ತರಿಸಿ ಮಟ್ಟ ಮಾಡಿದರೂ ಅವು ಒಂದೇ ಸಾಲಿಗೆ ಬರುವುದಿಲ್ಲ.

ಪರೀಕ್ಷೆ ಸುಲಭ. ರಾಕರ್ ಶಾಫ್ಟ್‌ಗಳು, ಬೆಲ್ಟ್ ಪುಲ್ಲಿ ಎಲ್ಲ ತೆಗೆದ ಮೇಲೆ ಕ್ಯಾಮ್ ಜರ್ನಲ್‌ಗಳಿಗೆ (ತೂತುಗಳಲ್ಲಿ ಕೂತು ತಿರುಗುವ ದುಂಡು ಭಾಗಗಳು) ಸ್ವಲ್ಪ ಎಣ್ಣೆ ಬಿಟ್ಟು ಬೆರಳಲ್ಲಿ ತಿರುಗಿಸಿ. ಒಂದು ಸುತ್ತು ಪೂರ್ತಿ ಸರಾಗವಾಗಿ ತಿರುಗಬೇಕು. ಸುತ್ತಿನ ಒಂದೇ ಜಾಗದಲ್ಲಿ ಬಿಗಿಯಾದರೆ ಕ್ಯಾಮ್ ಶಾಫ್ಟ್ ಬಾಗಿದೆ. ಸುತ್ತೆಲ್ಲ ಒಂದೇ ಸಮ ಬಿಗಿ ಇದ್ದರೆ ತೂತುಗಳ ಸಾಲು ತಪ್ಪಿದೆ. ಅನುಮಾನ ಇದ್ದರೆ ಕ್ಯಾಮ್ ಹೊರತೆಗೆದು ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜ್‌ನಲ್ಲಿ ನೋಡಿ. ಮಧ್ಯದ ಜರ್ನಲ್ ಒಂದೇ ಕಡೆ ಉಜ್ಜಿ ಹೊಳೆಯುತ್ತಿದ್ದರೂ ಅದೇ ಕಥೆ.

ಸಾಲು ತಪ್ಪಿದ ಹೆಡ್‌ಗೆ ಮೊದಲು ಮಾಡಬೇಕಾದ್ದು ನೆಟ್ಟಗೆ ಮಾಡಿಸುವುದು. ದಪ್ಪ ಸ್ಟೀಲ್ ಪ್ಲೇಟ್‌ಗೆ ಶಿಮ್ (ತೆಳು ತಗಡು) ಇಟ್ಟು ಬಿಗಿದು, ಓವನ್‌ನಲ್ಲಿ ಕಾಯಿಸಿ, ನಿಧಾನವಾಗಿ ಆರಿಸುವ ಕೆಲಸ. ಎಲ್ಲ ಕಡೆ ಮಾಡುವುದಿಲ್ಲ. ಗ್ಯಾಸ್ ಟಾರ್ಚ್ ಹಿಡಿದು ಸುತ್ತಿಗೆಯಲ್ಲಿ ಸರಿ ಮಾಡುತ್ತೇನೆ ಅಂದವರಿಗೆ ನಮಸ್ಕಾರ ಹೇಳಿ ಬನ್ನಿ. 800ರಂಥ ಹೆಡ್‌ಗೆ ಇಷ್ಟೆಲ್ಲ ಮಾಡುವ ಬದಲು ಇನ್ನೊಂದು ಒಳ್ಳೆ ಹೆಡ್ ಹುಡುಕುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ಹಾಗೇ ಬೋಲ್ಟ್ ವಾಷರ್ ಕೂರುವ ಜಾಗಗಳನ್ನೂ ನೋಡಿ. ವಾಷರ್ ಆಳವಾಗಿ ಇಳಿದು ಗುಂಡಿ ಬಿದ್ದಿದ್ದರೆ ಹೆಡ್ ವಿಪರೀತ ಬೆಂದು ಲೋಹ ಮೆತ್ತಗಾಗಿರುವ ಸಾಧ್ಯತೆ ಇದೆ. ಲೋಹದ ಗಡಸುತನ ಅಳೆಯುವ ಯಂತ್ರ ದೊಡ್ಡ ಮಶೀನ್ ಶಾಪ್‌ಗಳಲ್ಲಿ ಇರುತ್ತದೆ, ಒಮ್ಮೆ ಹಿಡಿಸಿ ನೋಡಿ. ಮೆತ್ತಗಾದ ಹೆಡ್ ಫೇಸಿಂಗ್ ಮಾಡಿದರೂ ಬೋಲ್ಟ್ ಬಿಗಿತ ತಡೆಯುವುದಿಲ್ಲ, ಮತ್ತೆ ಬಾಗುತ್ತದೆ.

ಬಿರುಕು

ಇದನ್ನು ಫೇಸಿಂಗ್‌ಗೆ ಮುಂಚೆಯೇ ನೋಡಬೇಕು, ಆಮೇಲೆ ಗೊತ್ತಾದರೆ ಮಾಡಿಸಿದ ಖರ್ಚು ನೀರಿಗೆ ಹಾಕಿದ ಹಾಗೆ. ಜಾಗ ಹೆಚ್ಚುಕಡಿಮೆ ಗೊತ್ತಿರುವುದೇ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಕೂರುವ ಸೀಟ್‌ಗಳ ನಡುವಿನ ಸಣ್ಣ ಜಾಗ, ಸೀಟ್‌ನಿಂದ ಸ್ಪಾರ್ಕ್ ಪ್ಲಗ್ ತೂತಿನವರೆಗೆ.

ಹಳೆ ಕಾಲದ ವಿಧಾನ ಸೀಮೆಎಣ್ಣೆ ಮತ್ತು ಸೀಮೆಸುಣ್ಣ. ವಾಲ್ವ್ ತೆಗೆದು, ಕಾರ್ಬನ್ ಪೂರ್ತಿ ಕೆರೆದು, ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ. ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ ಕಾಯಿರಿ. ಬಿರುಕಿನೊಳಗೆ ಕೂತಿದ್ದ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಂದು ಗೆರೆ ಎಳೆಯುತ್ತದೆ. ಡೈ ಪೆನೆಟ್ರೆಂಟ್ ಸ್ಪ್ರೇ ಸಿಕ್ಕರೆ ಇನ್ನೂ ಒಳ್ಳೆಯದು. ಕೆಂಪು ಬಣ್ಣ ಹೊಡೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪಗೆ ಕಾಣುತ್ತದೆ. ಒರೆಸುವಾಗ ಕ್ಲೀನರ್ ಅನ್ನು ಬಟ್ಟೆಗೆ ಹಾಕಿಕೊಳ್ಳಿ, ಹೆಡ್ ಮೇಲೆ ನೇರ ಹೊಡೆದರೆ ಬಿರುಕಿನ ಒಳಗಿನ ಬಣ್ಣವೂ ತೊಳೆದು ಹೋಗುತ್ತದೆ.

ಇವೆರಡೂ ಕಣ್ಣಿಗೆ ಕಾಣುವ ಮೇಲ್ಮೈಗೆ ಮಾತ್ರ. ನೀರು ಕಡಿಮೆಯಾಗುತ್ತಿದ್ದು, ಗ್ಯಾಸ್ಕೆಟ್ ಮೇಲೆ ಗುರುತೇ ಇಲ್ಲದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟ್ ಹಾಕಿ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿ ನೀರಲ್ಲಿ ಮುಳುಗಿಸುತ್ತಾರೆ. ಬಿಸಿ ನೀರು ಯಾಕೆಂದರೆ ಕೆಲವು ಬಿರುಕು ತಣ್ಣಗಿದ್ದಾಗ ಬಾಯಿ ಬಿಡುವುದಿಲ್ಲ.

ಬ್ಲಾಕ್

ಅದೇ ಪಟ್ಟಿ, ಅದೇ ಸಾಲುಗಳು, ಬ್ಲಾಕ್ ಮೇಲೂ. ಕಬ್ಬಿಣದ ಬ್ಲಾಕ್ ಸಾಮಾನ್ಯವಾಗಿ ಬಾಗುವುದಿಲ್ಲ, ಆದರೆ ಗ್ಯಾಸ್ ಓಡಿದ ಸೇತುವೆಯಲ್ಲಿ ಲೋಹ ಕೊರೆದು ಹೋಗಿರಬಹುದು, ಬೋಲ್ಟ್ ತೂತಿನ ಸುತ್ತ ಲೋಹ ಮೇಲೆದ್ದಿರಬಹುದು. ಬೋಲ್ಟ್ ತೂತುಗಳ ಒಳಗಿನ ನೀರು, ಆಯಿಲ್ ತೆಗೆದು ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದಿದ್ದು ಬೋಲ್ಟ್ ಬಿಗಿದರೆ ಬ್ಲಾಕ್ ಸೀಳಬಹುದು. ಟಾರ್ಕ್ ಕೂಡ ಸುಳ್ಳು ಬರುತ್ತದೆ.

ಈಗ ತೀರ್ಮಾನ

ಎಲ್ಲೂ 0.05 ದಾಟಿಲ್ಲ, ಬಿರುಕಿಲ್ಲ, ಹಳ್ಳವಿಲ್ಲ: ಫೇಸಿಂಗ್ ಬೇಡ. ಸುಮ್ನೆ ಹೊಳಪಿಗೋಸ್ಕರ ಲೋಹ ಕಳೆದುಕೊಳ್ಳಬೇಡಿ. ಗ್ಯಾಸ್ಕೆಟ್ ಯಾಕೆ ಹೋಯಿತು ಅಂತ ರೇಡಿಯೇಟರ್, ಫ್ಯಾನ್ ಸ್ವಿಚ್, ಥರ್ಮೋಸ್ಟಾಟ್ ಕಡೆ ನೋಡಿ.

0.05 ದಾಟಿ ಸ್ವಲ್ಪ ಮಾತ್ರ ಜಾಸ್ತಿ, 0.07ರವರೆಗೆ: ಸುಜುಕಿ ಮ್ಯಾನ್ಯುಯಲ್‌ಗಳಲ್ಲೇ ಸರ್ಫೇಸ್ ಪ್ಲೇಟ್ ಮೇಲೆ 400 ನಂಬರ್ ವಾಟರ್ ಪೇಪರ್ ಹಾಸಿ ಹೆಡ್ ಉಜ್ಜುವ ವಿಧಾನ ಇದೆ. ಪ್ಲೇಟ್ ನಿಜವಾಗಲೂ ಮಟ್ಟ ಇದ್ದು, ಕೈ ಒಂದೇ ಕಡೆ ಒತ್ತದಿದ್ದರೆ ಕೆಲಸ ಆಗುತ್ತದೆ. ಆಮೇಲೆ ಹೆಡ್ ಅನ್ನು ಸೋಪ್ ನೀರಲ್ಲಿ ಎರಡೆರಡು ಸಲ ತೊಳೆಯಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮಶೀನ್‌ಗೇ ಕೊಡಿ, ರಟ್ಟೆ ನೋವು ಬರುತ್ತದೆ ಹೊರತು ಮಟ್ಟ ಬರುವುದಿಲ್ಲ.

ತಿರುಚಿದ್ದು, ಕ್ಯಾಮ್ ಬಿಗಿಯಾದದ್ದು, ಸೀಟ್ ನಡುವೆ ಬಿರುಕು ಬಿಟ್ಟದ್ದು, ಎತ್ತರ ಆಗಲೇ ಕಡಿಮೆಯಾದದ್ದು: ಬೇರೆ ಹೆಡ್‌ನ ಬೆಲೆ ವಿಚಾರಿಸಿದ ಮೇಲೆ ಮುಂದಿನ ಮಾತು.

ಕೊಡುವಾಗ "ಫೇಸಿಂಗ್ ಮಾಡಿ" ಅಂತ ಅಷ್ಟೇ ಹೇಳಬೇಡಿ. ನಿಮ್ಮ ಚಿತ್ರ ತೋರಿಸಿ, "ಮಟ್ಟ ಬರುವಷ್ಟು ಮಾತ್ರ ತೆಗೀರಿ, 0.15 ದಾಟುವ ಹಾಗಿದ್ದರೆ ಫೋನ್ ಮಾಡಿ" ಅನ್ನಿ. ಯಾವ ಗ್ಯಾಸ್ಕೆಟ್ ಹಾಕುತ್ತೀರಿ ಅಂತಲೂ ಹೇಳಿ. ಹಳೆಯ ಕಾಂಪೋಸಿಟ್ ಗ್ಯಾಸ್ಕೆಟ್ ಸ್ವಲ್ಪ ಒರಟು ಮೇಲ್ಮೈ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಪದರ ಪದರವಾದ ಸ್ಟೀಲ್ ಗ್ಯಾಸ್ಕೆಟ್‌ಗೆ ತುಂಬಾ ನಯವಾದ ಮೇಲ್ಮೈ ಬೇಕು. ಉಗುರು ಎಳೆದಾಗ ಕಟರ್ ಗೆರೆ ಟಕಟಕ ಸಿಕ್ಕಿದರೆ ಸ್ಟೀಲ್ ಗ್ಯಾಸ್ಕೆಟ್‌ಗೆ ಅದು ಆಗುವುದಿಲ್ಲ.

ವಾಪಸ್ ತರಲು ಹೋಗುವಾಗ ಸ್ಟ್ರೈಟ್ ಎಡ್ಜ್, ಫಿಲ್ಲರ್ ಗೇಜ್, ವರ್ನಿಯರ್ ಜೊತೆಗೇ ಒಯ್ಯಿರಿ. ದುಡ್ಡು ಕೊಡುವ ಮುಂಚೆ ಅಲ್ಲೇ ಅವರ ಬೆಂಚ್ ಮೇಲೆ ಅದೇ ಒಂಬತ್ತು ಸಾಲು ನೋಡಿ, 0.03 ಎಲೆ ಎಲ್ಲೂ ಹೋಗಬಾರದು. ನಾಲ್ಕು ಮೂಲೆಯ ಎತ್ತರ ಮತ್ತೆ ಅಳೆದು ಹಳೆ ಅಂಕಿಯಿಂದ ಕಳೆಯಿರಿ, ಎಷ್ಟು ತೆಗೆದಿದ್ದಾರೆ ಅಂತ ಗೊತ್ತಾಗುತ್ತದೆ, ನಾಲ್ಕೂ ಕಡೆ ಒಂದೇ ಸಮ ತೆಗೆದಿದ್ದಾರಾ ಅಂತಲೂ. ಆ ಅಂಕಿಯನ್ನು ತಾರೀಖಿನ ಜೊತೆ ಗಾಡಿಯ ಫೈಲ್‌ನಲ್ಲಿ ಬರೆದಿಡಿ, ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತದೆ. ಹೆಡ್ ಅನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಹೊಸ ಮುಖ ಮೇಲಾಗಿ ಇಟ್ಟುಕೊಂಡು ತನ್ನಿ.